ಸಿ++ ಕಲಿಯುವ ಮುಂಚೆ ಸಿ ಕಲಿಯಲೇಬೇಕಾ?

ಪ್ರೋಗ್ರಾಮಿಂಗ್ ಕಲಿಯಲು ಹೊರಟವರ ತಲೆಯಲ್ಲಿ ಶುರುವಿನಲ್ಲೇ ಏಳುವ ಪ್ರಶ್ನೆ ಇದು. ನನಗೆ ಬೇಕಿರುವುದು ಸಿ++, ಆದರೆ ಮೊದಲು ಸಿ ಮುಗಿಸಬೇಕಾ? ಕಾಟ್ಲಿನ್‌ಗೆ ಮುಂಚೆ ಜಾವಾ? ಟೈಪ್‌ಸ್ಕ್ರಿಪ್ಟ್‌ಗೆ ಮುಂಚೆ ಜಾವಾಸ್ಕ್ರಿಪ್ಟ್? ಸ್ವಿಫ್ಟ್‌ಗೆ ಮುಂಚೆ ಆಬ್ಜೆಕ್ಟಿವ್-ಸಿ? ಬಲ್ಲವರನ್ನು ಕೇಳಿದರೆ ಎರಡು ಬಗೆಯ ಉತ್ತರ ಸಿಗುತ್ತದೆ. "ಬುನಾದಿ ಗಟ್ಟಿ ಇರಬೇಕು, ಹಳೆಯದರಿಂದಲೇ ಶುರು ಮಾಡಿ" ಅನ್ನುವವರು ಒಂದು ಕಡೆ. "ಅಜ್ಜನ ಕಾಲದ್ದಕ್ಕೆ ಸುಮ್ನೆ ಯಾಕೆ ಟೈಮ್ ಹಾಳು ಮಾಡ್ತೀರಿ" ಅನ್ನುವವರು ಇನ್ನೊಂದು ಕಡೆ. ಇಬ್ಬರೂ ಎಲ್ಲ ಜೋಡಿಗಳಿಗೂ ಒಂದೇ ಉತ್ತರ ಕೊಡುತ್ತಾರೆ. ಎಡವಟ್ಟಾಗುವುದು ಅಲ್ಲೇ.

ಹುಟ್ಟಿದ ಕ್ರಮದಲ್ಲೇ ಕಲಿಯಬೇಕು ಅನ್ನುವುದಾದರೆ ಸಿ ಹತ್ತಿರ ನಿಲ್ಲಲು ಕಾರಣವೇ ಇಲ್ಲ. 1970ರ ದಶಕದ ಶುರುವಿನಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ಸಿ ಕಟ್ಟಿದಾಗ ಅವರ ಮುಂದೆ ಬಿ ಎಂಬ ಭಾಷೆ ಇತ್ತು. ಅದನ್ನು ಮಾಡಿದವರು ಕೆನ್ ಥಾಂಪ್ಸನ್. ಬಿ ಬಂದದ್ದು ಮಾರ್ಟಿನ್ ರಿಚರ್ಡ್ಸ್ ಅವರ ಬಿಸಿಪಿಎಲ್‌ನಿಂದ. ಅದರ ಹಿಂದೆ ಸಿಪಿಎಲ್, ಇನ್ನೂ ಹಿಂದೆ ಆಲ್ಗಾಲ್ 60. "ಮೊದಲು ಸಿ ಕಲಿಯಿರಿ" ಅನ್ನುವವರಲ್ಲಿ ಯಾರೂ ಸಿಗೆ ಮುಂಚೆ ಬಿ ಕಲಿತವರಲ್ಲ. ಅವರ ಸಿ ಅದರಿಂದೇನೂ ಕಮ್ಮಿಯಾಗಿಲ್ಲ, ಅಲ್ವಾ?

ಹಾಗಾಗಿ ವಯಸ್ಸು ಕೇಳಿ ಪ್ರಯೋಜನವಿಲ್ಲ. ಕೇಳಬೇಕಾದದ್ದು ಇಷ್ಟು: ಹೊಸ ಭಾಷೆಯಲ್ಲಿ ಬರೆದ ಪ್ರೋಗ್ರಾಂ ಕೈಕೊಟ್ಟಾಗ ಯಾವ ಭಾಷೆ ಎದುರಿಗೆ ಬಂದು ನಿಲ್ಲುತ್ತದೆ? ಎಲ್ಲ ಸರಿಯಾಗಿ ಓಡುತ್ತಿರುವಾಗ ಅಡಿಯಲ್ಲಿ ಏನಿದ್ದರೂ ನಡೆಯುತ್ತದೆ. ಎರರ್ ಬಂದ ದಿನ ಅಡಿಯಲ್ಲಿರುವುದು ಮೇಲೆ ಬರುತ್ತದೆ. ಹಳೆಯ ಭಾಷೆ ಹೊಸದರ ಕೆಳಗೆ ಇನ್ನೂ ಓಡುತ್ತಿದ್ದರೆ ಅದನ್ನು ಕಲಿಯದೆ ಗತಿಯಿಲ್ಲ. ಓಡುತ್ತಿಲ್ಲವಾದರೆ ಅದು ಬರೀ ಇತಿಹಾಸ.

ಟೈಪ್‌ಸ್ಕ್ರಿಪ್ಟ್ ನೋಡಿ. ಜಾವಾಸ್ಕ್ರಿಪ್ಟ್ 1995ರದ್ದು. 2012ರಲ್ಲಿ ಮೈಕ್ರೋಸಾಫ್ಟ್ ಅದರ ಮೇಲೆ ಟೈಪ್‌ಗಳನ್ನು (ಯಾವುದು ಸಂಖ್ಯೆ, ಯಾವುದು ಪಠ್ಯ ಎಂದು ಹೇಳುವ ಗುರುತುಗಳನ್ನು) ಸೇರಿಸಿ ಟೈಪ್‌ಸ್ಕ್ರಿಪ್ಟ್ ಹೊರತಂದಿತು. ಆದರೆ ಬ್ರೌಸರ್‌ಗೆ ಟೈಪ್‌ಸ್ಕ್ರಿಪ್ಟ್ ಅರ್ಥವಾಗುವುದಿಲ್ಲ. ಕೋಡನ್ನು ಪರೀಕ್ಷಿಸಿ ಬದಲಿಸಿಕೊಡುವ ಕಂಪೈಲರ್ ಟೈಪ್‌ಗಳನ್ನೆಲ್ಲ ಅಳಿಸಿ, ಉಳಿದ ಜಾವಾಸ್ಕ್ರಿಪ್ಟನ್ನು ಬ್ರೌಸರ್ ಕೈಗೆ ಕೊಡುತ್ತದೆ. ಈಗ ಒಂದು ಸಣ್ಣ ಕೋಡ್ ಕಲ್ಪಿಸಿಕೊಳ್ಳಿ. ಸರ್ವರ್‌ನಿಂದ ಒಬ್ಬರ ವಯಸ್ಸು ಬರುತ್ತದೆ. ಅದು ಸಂಖ್ಯೆ ಎಂದು ನೀವು ಟೈಪ್ ಬರೆದಿದ್ದೀರಿ. ಅದಕ್ಕೆ 1 ಕೂಡಿಸಿ ಮುಂದಿನ ವರ್ಷದ ವಯಸ್ಸು ತೋರಿಸಬೇಕು. ಕಂಪೈಲರ್ ತಕರಾರಿಲ್ಲದೆ ಒಪ್ಪುತ್ತದೆ. ಪೇಜ್ ತೆರೆದರೆ ವಯಸ್ಸು 251 ಎಂದು ಕಾಣುತ್ತದೆ. ಆಗಿದ್ದಿಷ್ಟೆ: ಸರ್ವರ್ ಕಳಿಸಿದ್ದು 25 ಎಂಬ ಸಂಖ್ಯೆಯಲ್ಲ, "25" ಎಂಬ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು. ಸ್ಟ್ರಿಂಗ್‌ಗೆ 1 ಕೂಡಿಸಿದರೆ ಜಾವಾಸ್ಕ್ರಿಪ್ಟ್ ಅದನ್ನು ಕೊನೆಗೆ ಅಂಟಿಸುತ್ತದೆ. ನೀವು ಬರೆದ ಟೈಪ್ ಆ ಹೊತ್ತಿಗೆ ಅಲ್ಲಿ ಇರಲೇ ಇಲ್ಲ, ಕಂಪೈಲ್ ಆದಾಗಲೇ ಅಳಿಸಿಹೋಗಿತ್ತು. ಬರೀ ಟೈಪ್‌ಸ್ಕ್ರಿಪ್ಟ್ ಗೊತ್ತಿದ್ದವರಿಗೆ ಇದು ಮಾಟದ ಹಾಗೆ ಕಾಣುತ್ತದೆ. ಜಾವಾಸ್ಕ್ರಿಪ್ಟ್ ಗೊತ್ತಿದ್ದವರು ಒಂದೇ ನಿಮಿಷದಲ್ಲಿ ಹಿಡಿಯುತ್ತಾರೆ.

ಇಂಥ ಜೋಡಿಯಲ್ಲಿ "ಮೊದಲು ಯಾವುದು" ಎಂಬ ಪ್ರಶ್ನೆಗೆ ಜಾಸ್ತಿ ಅರ್ಥವಿಲ್ಲ. ಟೈಪ್‌ಸ್ಕ್ರಿಪ್ಟ್ ಕಲಿಯುವುದರ ಬಹುಪಾಲು ಜಾವಾಸ್ಕ್ರಿಪ್ಟ್ ಕಲಿಯುವುದೇ. ಕೆಲವು ವಾರ ಬರಿಯ ಜಾವಾಸ್ಕ್ರಿಪ್ಟ್ ಬರೆದು ಆಮೇಲೆ ಟೈಪ್‌ಗಳಿಗೆ ಬರುವುದು ನನ್ನ ಕಣ್ಣಿಗೆ ಸರಿಯಾದ ದಾರಿ. ಯಾವ ತಪ್ಪುಗಳನ್ನು ತಡೆಯಲು ಟೈಪ್‌ಗಳು ಬಂದವು ಅನ್ನುವುದನ್ನು ಆಗ ಯಾರೂ ಹೇಳಿಕೊಡಬೇಕಾಗಿಲ್ಲ.

ಕಾಟ್ಲಿನ್ ಮತ್ತು ಜಾವಾ ಮೇಲ್ನೋಟಕ್ಕೆ ಇದೇ ಥರ ಕಂಡರೂ ಒಂದು ವ್ಯತ್ಯಾಸ ಇದೆ. ಕಾಟ್ಲಿನ್ ಜಾವಾ ಆಗಿ ಬದಲಾಗುವುದಿಲ್ಲ. ಎರಡೂ ಒಂದೇ ಜಾವಾ ವರ್ಚುವಲ್ ಮಷಿನ್ ಮೇಲೆ ಅಕ್ಕಪಕ್ಕ ಓಡುತ್ತವೆ. 2017ರಲ್ಲಿ ಗೂಗಲ್ ಆಂಡ್ರಾಯ್ಡ್‌ಗೆ ಕಾಟ್ಲಿನ್ ಬೆಂಬಲ ಘೋಷಿಸಿತು. 2019ರಲ್ಲಿ ಇನ್ನು ಮುಂದೆ ಕಾಟ್ಲಿನ್‌ಗೇ ಮೊದಲ ಆದ್ಯತೆ ಎಂದಿತು. ಹಾಗಾಗಿ ಹೊಸ ಆ್ಯಪ್ ಬರೆಯುವವರು ನೇರವಾಗಿ ಕಾಟ್ಲಿನ್ ಹಿಡಿಯಬಹುದು, ಜಾವಾ ಬರೆಯದೆಯೇ ಬೇಕಾದಷ್ಟು ದೂರ ಹೋಗಬಹುದು. ಆದರೆ ಬಳಸುವ ಲೈಬ್ರರಿಗಳಲ್ಲಿ ಎಷ್ಟೋ ಜಾವಾದಲ್ಲಿವೆ. ಕಾಟ್ಲಿನ್‌ನ ದೊಡ್ಡ ಆಕರ್ಷಣೆ ಅಂದರೆ ನಲ್ ಕಾವಲು. ನಲ್ ಅಂದರೆ "ಇಲ್ಲಿ ಏನೂ ಇಲ್ಲ" ಎಂಬ ಗುರುತು. ಒಂದು ವೇರಿಯಬಲ್ ಖಾಲಿ ಇರಬಹುದು ಅನ್ನುವುದಾದರೆ ಅದರ ಟೈಪ್ ಆದ ಮೇಲೆ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಹಾಕಬೇಕು. ಹಾಕದಿದ್ದರೆ ಅದರಲ್ಲಿ ನಲ್ ಇಡಲು ಕಂಪೈಲರ್ ಬಿಡುವುದಿಲ್ಲ. ಜಾವಾ ಲೈಬ್ರರಿಯಿಂದ ಬರುವ ಮೌಲ್ಯಕ್ಕೆ ಮಾತ್ರ ಈ ಕಾವಲು ಸಡಿಲ. ಅದು ಖಾಲಿ ಇರಬಹುದೋ ಇಲ್ಲವೋ ಎಂದು ಜಾವಾ ಕಡೆಯವರು ಗುರುತು ಹಾಕಿರದಿದ್ದರೆ ಕಂಪೈಲರ್ ಸುಮ್ಮನಾಗಿಬಿಡುತ್ತದೆ. ಅಲ್ಲಿಂದ ನಲ್ ನುಸುಳಿ ಬಂದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ಆಗ ಪರದೆ ಮೇಲೆ ಬರುವ ಉದ್ದನೆಯ ಪಟ್ಟಿಯಲ್ಲಿ ಹತ್ತಾರು ಜಾವಾ ಕ್ಲಾಸ್‌ಗಳ ಹೆಸರು.

ಇಲ್ಲಿ ಬೇಕಾದದ್ದು ಜಾವಾ ಓದಲು ಬರುವುದು. ಬರೆಯಲು ಬರುವುದು ಬೇರೆ ಮಾತು. ಈ ಎರಡನ್ನೂ ಒಂದೇ ಎಂದುಕೊಂಡು ಹೆದರುವವರು ಬಹಳ. ಕಾಟ್ಲಿನ್ ಚೆನ್ನಾಗಿ ಬಂದವರಿಗೆ ಜಾವಾ ಕೋಡ್ ಓದಿ ಅರ್ಥ ಮಾಡಿಕೊಳ್ಳುವುದು ಕೆಲವೇ ದಿನಗಳ ಕೆಲಸ. ಒಂದೇ ವರ್ಚುವಲ್ ಮಷಿನ್ ಹಂಚಿಕೊಳ್ಳುವ ಎಲಿಕ್ಸರ್ ಮತ್ತು ಎರ್ಲಾಂಗ್ ಭಾಷೆಗಳ ಜೋಡಿಗೂ ಇದೇ ಮಾತು ಒಪ್ಪುತ್ತದೆ. ಹಳೆಯ ಆಪಲ್ ಆ್ಯಪ್‌ಗಳನ್ನು ನೋಡಿಕೊಳ್ಳುವವರಿಗೆ ಆಬ್ಜೆಕ್ಟಿವ್-ಸಿ ವಿಷಯದಲ್ಲೂ ಅಷ್ಟೇ. 2014ರಲ್ಲಿ ಬಂದ ಸ್ವಿಫ್ಟ್‌ನಲ್ಲಿ ಹೊಸ ಆ್ಯಪ್ ಬರೆಯುವವರು ಆಬ್ಜೆಕ್ಟಿವ್-ಸಿಯ ಚೌಕ ಕಂಸಗಳ ಕಾಡಿಗೆ ಹೋಗುವ ಅಗತ್ಯ ಬೀಳುವುದೇ ಅಪರೂಪ.

ಇನ್ನು ಸಿ ಮತ್ತು ಸಿ++. ಜಗಳ ಜಾಸ್ತಿ ಇರುವುದು ಇಲ್ಲೇ, ಅದಕ್ಕೆ ಕಾರಣವೂ ಇದೆ.

ಬಿಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲೇ ಈ ಕೆಲಸ ಶುರು ಮಾಡಿದಾಗ ಅದರ ಹೆಸರು ಸಿ ವಿತ್ ಕ್ಲಾಸಸ್. ಸಿ++ ಎಂಬ ಹೆಸರು ಬಂದದ್ದು 1983ರಲ್ಲಿ, ಮಾರುಕಟ್ಟೆಗೆ ಬಿಟ್ಟದ್ದು 1985ರಲ್ಲಿ. ಆಗ ಸಿ++ ಕಲಿಯಲು ಬಂದವರಲ್ಲಿ ಹೆಚ್ಚಿನವರಿಗೆ ಸಿ ಮೊದಲೇ ಗೊತ್ತಿತ್ತು. ಅಷ್ಟೇ ಅಲ್ಲ, ಇವತ್ತು ಸಿ++ ಜೊತೆಗೇ ಬರುವ ಸ್ಟ್ರಿಂಗ್ ಆಗಲಿ, ಬೇಕಾದಂತೆ ಬೆಳೆಯುವ ಪಟ್ಟಿಯಾದ ವೆಕ್ಟರ್ ಆಗಲಿ ಆಗ ಭಾಷೆಯ ಸ್ಟಾಂಡರ್ಡ್ ಲೈಬ್ರರಿಯಲ್ಲಿ ಇರಲಿಲ್ಲ. ಅವು ಅಧಿಕೃತವಾದದ್ದು 1998ರ ಮೊದಲ ಐಎಸ್ಒ ಸ್ಟಾಂಡರ್ಡ್‌ನಲ್ಲಿ. ಮೆಮೊರಿಯನ್ನು ತಾನಾಗಿಯೇ ಬಿಡುಗಡೆ ಮಾಡುವ ಈಗಿನ ಸ್ಮಾರ್ಟ್ ಪಾಯಿಂಟರ್‌ಗಳು (ಪಾಯಿಂಟರ್ ಅಂದರೆ ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ಬಂದದ್ದಂತೂ 2011ರ ಆವೃತ್ತಿಯಲ್ಲಿ. ಅಂದರೆ 1990ರ ಆಸುಪಾಸಿನಲ್ಲಿ ಸಿ++ ಬರೆಯುವವರು ಒಂದು ಹೆಸರು ಇಟ್ಟುಕೊಳ್ಳಬೇಕೆಂದರೂ ಸಿ ರೀತಿಯಲ್ಲೇ ಅಕ್ಷರಗಳ ಅರೇ, ಅಂದರೆ ಸಾಲಾಗಿ ಜೋಡಿಸಿದ ಜಾಗ, ಮಾಡಿಕೊಳ್ಳಬೇಕಿತ್ತು. "ಮೊದಲು ಸಿ" ಎಂಬ ಸಲಹೆ ಆ ಕಾಲಕ್ಕೆ ಸರಿಯಾಗಿಯೇ ಇತ್ತು. ಕಾರಣ ಹೋಯಿತು, ಸಲಹೆ ಉಳಿದುಕೊಂಡಿತು. ಸಿ++ ಕಲಿಯಲು ಸಿ ಮೊದಲೇ ಗೊತ್ತಿರಬೇಕಾಗಿಲ್ಲ ಎಂದು ಸ್ಟ್ರೌಸ್ಟ್ರಪ್ ಅವರೇ ಬರೆದಿದ್ದಾರೆ. ಆದರೂ ಎಷ್ಟೋ ಕೋರ್ಸುಗಳಲ್ಲಿ ಇವತ್ತಿಗೂ ಅದೇ ಕ್ರಮ.

ವ್ಯತ್ಯಾಸ ಎಷ್ಟು ದೊಡ್ಡದು ಎಂದು ತಿಳಿಯಲು ಒಂದು ಸಣ್ಣ ಕೆಲಸ ಸಾಕು. ಹೆಸರು ಮತ್ತು ಅಡ್ಡಹೆಸರು ಓದಿಕೊಂಡು, ಎರಡನ್ನೂ ಜೋಡಿಸಿ ತೋರಿಸಬೇಕು.

ಸಿ ಕಲಿಯುವವರು ಮೊದಲು 20 ಬೈಟ್‌ಗಳ ಎರಡು ಅರೇ ಮಾಡುತ್ತಾರೆ. ಸ್ಕ್ಯಾನ್‌ಎಫ್ ಹಾಕಿ ಹೆಸರು ಓದುತ್ತಾರೆ. ಸ್ಟ್ರಿಂಗ್ ಎಲ್ಲಿ ಮುಗಿಯಿತು ಎಂದು ತೋರಿಸುವ ಸೊನ್ನೆಗೆ ಒಂದು ಬೈಟ್ ಬೇಕು, ಹಾಗಾಗಿ ಹೆಸರಿಗೆ ಸಿಗುವುದು 19. ಯಾರಾದರೂ 25 ಅಕ್ಷರ ಒತ್ತಿದರೆ? ಅಳತೆ ಮಿತಿ ಹೇಳದ ಸ್ಕ್ಯಾನ್‌ಎಫ್ ತಡೆಯುವುದಿಲ್ಲ. ಉಳಿದ ಅಕ್ಷರಗಳನ್ನು ಪಕ್ಕದ ಜಾಗದ ಮೇಲೆ ಬರೆದುಬಿಡುತ್ತದೆ. ಅಲ್ಲಿ ಬೇರೆ ಏನಿತ್ತೋ ಅದು ಹಾಳು. ಇದನ್ನೆಲ್ಲ ದಾಟಿ ಎರಡೂ ಹೆಸರು ಓದಿದಿರಿ ಅಂತಿಟ್ಟುಕೊಳ್ಳಿ. ಈಗ ಜೋಡಿಸಬೇಕು. ಎರಡರ ಉದ್ದ ಅಳೆಯಬೇಕು, ನಡುವಿನ ಖಾಲಿ ಜಾಗಕ್ಕೆ ಒಂದು, ಕೊನೆಯ ಸೊನ್ನೆಗೆ ಒಂದು ಕೂಡಿಸಬೇಕು, ಅಷ್ಟು ಮೆಮೊರಿಯನ್ನು ಮ್ಯಾಲಾಕ್‌ನಿಂದ ಕೇಳಬೇಕು, ಸಿಕ್ಕಿತೋ ಇಲ್ಲವೋ ನೋಡಬೇಕು, ಒಂದೊಂದಾಗಿ ನಕಲು ಮಾಡಬೇಕು, ತೋರಿಸಬೇಕು, ಕೊನೆಗೆ ನೆನಪಿಟ್ಟುಕೊಂಡು ಫ್ರೀ ಮಾಡಬೇಕು. ಸೊನ್ನೆಗೆ ಕೂಡಿಸುವ ಒಂದನ್ನಾಗಲಿ, ಕೊನೆಯ ಫ್ರೀಯನ್ನಾಗಲಿ ಮರೆತರೂ ಕಂಪೈಲರ್ ಚಕಾರ ಎತ್ತುವುದಿಲ್ಲ. ಸಾಲದ್ದಕ್ಕೆ ಪ್ರೋಗ್ರಾಂ ಹೆಚ್ಚಿನ ಸಲ ಓಡಿಯೂ ಬಿಡುತ್ತದೆ, ಕೆಡುವುದು ಯಾವತ್ತೋ ಒಂದು ದಿನ.

ಸಿ++ನಲ್ಲಿ ಎರಡು ಸ್ಟ್ರಿಂಗ್ ಓದಿ, ನಡುವೆ ಕೂಡುವ ಚಿಹ್ನೆ ಹಾಕಿದರೆ ಮುಗಿಯಿತು. ಉದ್ದ ಎಷ್ಟಿದ್ದರೂ ಜಾಗವನ್ನು ಸ್ಟ್ರಿಂಗೇ ನೋಡಿಕೊಳ್ಳುತ್ತದೆ. ಫಂಕ್ಷನ್ ಮುಗಿದ ಕೂಡಲೇ ಅದರ ಡಿಸ್ಟ್ರಕ್ಟರ್ (ಕೊನೆಯಲ್ಲಿ ತಾನಾಗಿ ಓಡಿ ಎಲ್ಲ ತೆರವು ಮಾಡುವ ಕೋಡ್) ಓಡಿ ಮೆಮೊರಿ ವಾಪಸ್ ಹೋಗುತ್ತದೆ. ನಡುವೆ ರಿಟರ್ನ್ ಆಗಲಿ, ಎಕ್ಸೆಪ್ಷನ್ ಬರಲಿ, ಬಿಡುಗಡೆ ತಪ್ಪುವುದಿಲ್ಲ.

ಸಿ ಕಲಿತು ಬಂದವರು ಇದನ್ನು ನೋಡಿ ಖುಷಿಪಟ್ಟು ಹಳೆಯದನ್ನು ಬಿಡುತ್ತಾರೆ ಎಂದುಕೊಂಡರೆ, ಆಗುವುದು ಹಾಗಲ್ಲ. ಕಷ್ಟಪಟ್ಟು ಕಲಿತದ್ದನ್ನು ಕೈ ಬಿಡುವುದಿಲ್ಲ. ಸಿಯಿಂದ ಬಂದವರ ಸಿ++ ಕೋಡನ್ನು ದೂರದಿಂದಲೇ ಗುರುತು ಹಿಡಿಯಬಹುದು: ಫಂಕ್ಷನ್‌ನ ತಲೆಯಲ್ಲೇ ಎಲ್ಲ ವೇರಿಯಬಲ್‌ಗಳ ಸಾಲು, ಅರೇ ಜೊತೆಗೆ ಅದರ ಉದ್ದ ಬೇರೆಯಾಗಿ, ಬೆಲೆ ಬದಲಾಗದ ಸಂಖ್ಯೆಗೆಲ್ಲ ಮ್ಯಾಕ್ರೊ. ಇದರಲ್ಲಿ ಹೆಚ್ಚಿನದು ಬರೀ ಹಳೇ ಶೈಲಿ, ಅಪಾಯವೇನಿಲ್ಲ. ಅಪಾಯ ಇರುವುದು ಮ್ಯಾಲಾಕ್‌ನಲ್ಲಿ. ಒಳಗೆ ಸ್ಟ್ರಿಂಗ್ ಇರುವ ಒಂದು ಸ್ಟ್ರಕ್ಟ್‌ಗೆ (ಹಲವು ಮೌಲ್ಯಗಳ ಗುಂಪಿಗೆ) ಸಿ++ನಲ್ಲಿ ಮ್ಯಾಲಾಕ್‌ನಿಂದ ಜಾಗ ತೆಗೆದುಕೊಂಡರೆ ಬರೀ ಬೈಟ್‌ಗಳು ಸಿಗುತ್ತವೆ. ಶುರುವಿನಲ್ಲಿ ಎಲ್ಲವನ್ನೂ ಸಜ್ಜು ಮಾಡುವ ಕನ್ಸ್ಟ್ರಕ್ಟರ್ ಓಡಿರುವುದಿಲ್ಲ. ಅಂದರೆ ಒಳಗಿನ ಸ್ಟ್ರಿಂಗ್ ಇನ್ನೂ ಹುಟ್ಟೇ ಇಲ್ಲ. ಅದಕ್ಕೆ ಹೆಸರು ತುಂಬಲು ಹೋದರೆ ಕಸದ ವಿಳಾಸವೊಂದನ್ನು ನಿಜವೆಂದು ನಂಬಿ ಅಲ್ಲಿ ಬರೆಯುತ್ತದೆ. ಸಿಯಲ್ಲಿ ನೂರು ಸಲ ಸರಿಯಾಗಿ ಮಾಡಿದ ಕೆಲಸವೇ ಇಲ್ಲಿ ತಪ್ಪು.

"ಸಿ++ ಅಂದರೆ ಸಿ ಜೊತೆಗೆ ಇನ್ನಷ್ಟು" ಎಂಬ ಮಾತೂ ಪೂರ್ತಿ ನಿಜವಲ್ಲ. ಮ್ಯಾಲಾಕ್ ಕೊಟ್ಟದ್ದನ್ನು ಹಾಗೇ ಒಂದು ಪೂರ್ಣಾಂಕದ ಪಾಯಿಂಟರ್‌ಗೆ ಹಾಕಿದರೆ ಸಿ ಒಪ್ಪುತ್ತದೆ, ಸಿ++ ಎರರ್ ಕೊಡುತ್ತದೆ. ಒಂದೇ ಒಂದು ಅಕ್ಷರದ ಅಳತೆ ಕೇಳಿದರೆ ಸಿ ಸಾಮಾನ್ಯ ಕಂಪ್ಯೂಟರ್‌ಗಳಲ್ಲಿ 4 ಅನ್ನುತ್ತದೆ, ಯಾಕೆಂದರೆ ಅದರ ಲೆಕ್ಕದಲ್ಲಿ ಅದು ಪೂರ್ಣಾಂಕ. ಸಿ++ 1 ಅನ್ನುತ್ತದೆ. ಇನ್ನೂ ಮಜಾ ಅಂದರೆ ಹಳೆಯದು, ಹೊಸದು ಅನ್ನುವ ಗೆರೆಯೇ ಇಲ್ಲಿ ನೇರವಾಗಿಲ್ಲ. ಫಂಕ್ಷನ್‌ಗೆ ಯಾವ ಟೈಪ್‌ಗಳು ಬೇಕು ಎಂದು ಮೊದಲೇ ಹೇಳಿಡುವ ಪ್ರೊಟೊಟೈಪ್ ಸಿಗೆ ಬಂದದ್ದು ಸಿ++ ಕಡೆಯಿಂದ. ಬೆಲೆ ಬದಲಾಗಬಾರದು ಎಂದು ಹೇಳುವ ಕಾನ್ಸ್ಟ್ ಕೂಡ ಹಾಗೇ. ಎರಡು ಓರೆಗೆರೆಯ ಕಾಮೆಂಟ್ ಸಿ++ನಲ್ಲಿ ಮೊದಲಿನಿಂದ ಇತ್ತು, ಸಿ ಸ್ಟಾಂಡರ್ಡ್ ಅದನ್ನು ಒಪ್ಪಿಕೊಂಡದ್ದು 1999ರಲ್ಲಿ. ಸಿ23 ಎಂದು ಕರೆಯುವ ಈಚಿನ ಆವೃತ್ತಿ ಖಾಲಿ ಪಾಯಿಂಟರ್ ಸೂಚಿಸುವ ನಲ್‌ಪಿಟಿಆರ್ ಅನ್ನೂ ಎರವಲು ತಂದಿದೆ. ಕಿರಿಯನಿಂದ ಹಿರಿಯ ಸಾಲ ತೆಗೆದುಕೊಳ್ಳುತ್ತಲೇ ಇದ್ದಾನೆ. ಯಾರನ್ನು ಮೊದಲು ಮಾತಾಡಿಸಬೇಕು ಅಂತ ಹುಟ್ಟಿದ ವರ್ಷ ನೋಡಿ ಹೇಗೆ ಹೇಳುವುದು?

ಹಾಗಂತ ಸಿ ಬೇಡ ಅನ್ನುತ್ತಿಲ್ಲ. ಸಿ ಬೇಕಾದವರಿಗೆ ಅದು ಮೆಟ್ಟಿಲಲ್ಲ, ಮನೆಯೇ. ಲಿನಕ್ಸ್‌ನ ತಿರುಳಾದ ಕರ್ನಲ್ ಸಿಯಲ್ಲಿದೆ. ಅಲ್ಲಿ ಸಿ++ಗೆ ಪ್ರವೇಶವಿಲ್ಲ, ಎರಡನೇ ಭಾಷೆಯಾಗಿ ರಸ್ಟ್ ಒಳಬಂದದ್ದೇ 2022ರ ಡಿಸೆಂಬರಿನ 6.1ನೇ ಆವೃತ್ತಿಯಲ್ಲಿ. ನಾವು ಸಾಮಾನ್ಯವಾಗಿ ಓಡಿಸುವ ಪೈಥಾನ್ ಇಂಟರ್‌ಪ್ರಿಟರ್ ಕೂಡ ಸಿಯಲ್ಲಿ ಬರೆದದ್ದು. ಸಣ್ಣ ಚಿಪ್‌ಗಳಿಗೆ ಕೋಡ್ ಬರೆಯುವವರಿಗೆ ಇವತ್ತಿಗೂ ಸಿಯೇ ಗಟ್ಟಿ. ಅಂಥ ಕಡೆ ಹೋಗುವವರು ಸಿ ಕಲಿತು, ಸಿಯಲ್ಲೇ ಇದ್ದುಬಿಡುತ್ತಾರೆ. 1989ರ ಸಿಯಲ್ಲಿ ಇರುವುದು 32 ಕೀವರ್ಡ್ ಮಾತ್ರ. ಚಿಕ್ಕ ಭಾಷೆ, ಪೂರ್ತಿ ತಲೆಯಲ್ಲಿ ಹಿಡಿಸುತ್ತದೆ. ಅದಕ್ಕೂ ಒಂದು ಸುಖ ಇದೆ.

ಪೈಥಾನ್ 2 ಮತ್ತು 3ರ ವಿಷಯಕ್ಕೆ ಬಂದರೆ ಚರ್ಚೆಯೇ ಮುಗಿದಿದೆ. ಪೈಥಾನ್ 3 ಬಂದದ್ದು 2008ರ ಡಿಸೆಂಬರಿನಲ್ಲಿ. 2ರ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. 3ರ ಕೆಳಗೆ 2 ಎಲ್ಲೂ ಓಡುವುದಿಲ್ಲ. ಹಾಗಾಗಿ ಕಲಿಯಬೇಡಿ. ಹಳೆಯ ಕೋಡನ್ನು 3ಕ್ಕೆ ತರುವ ಕೆಲಸ ಕೈಗೆ ಬಂದರೆ ವ್ಯತ್ಯಾಸಗಳನ್ನು ತಿಳಿದರೆ ಸಾಕು. ಪ್ರಿಂಟ್‌ಗೆ ಕಂಸ ಇಲ್ಲದಿದ್ದರೆ ಪೈಥಾನ್ 3 ತಾನೇ ಕೂಗಿ ಹೇಳುತ್ತದೆ, ಅದರ ಚಿಂತೆ ಬೇಡ. ಕಾಡುವುದು ಸದ್ದಿಲ್ಲದೆ ಬದಲಾದದ್ದು. 5/2 ಎಂದರೆ ಪೈಥಾನ್ 2ರಲ್ಲಿ 2, ಪೈಥಾನ್ 3ರಲ್ಲಿ 2.5. ಸರಾಸರಿ ತೆಗೆಯುವ ಫಂಕ್ಷನ್ ಎರಡರಲ್ಲೂ ಓಡುತ್ತದೆ, ಉತ್ತರ ಮಾತ್ರ ಬೇರೆ.

ಇನ್ನೊಂದು ಬದಲಾವಣೆ ಕನ್ನಡದವರಿಗೆ ಹತ್ತಿರದ್ದು. "ಕನ್ನಡ" ಎಂಬ ಸ್ಟ್ರಿಂಗ್‌ನ ಉದ್ದವನ್ನು, ಯುಟಿಎಫ್-8 ಎಂಬ ಸಂಕೇತ ಪದ್ಧತಿಯಲ್ಲಿ ಉಳಿಸಿದ ಫೈಲಿನಲ್ಲಿ, ಪೈಥಾನ್ 2 ಬಳಿ ಕೇಳಿದರೆ 15 ಅನ್ನುತ್ತಿತ್ತು. ಅದು ಎಣಿಸುತ್ತಿದ್ದದ್ದು ಬೈಟ್‌ಗಳನ್ನು, ಕನ್ನಡದ ಒಂದೊಂದು ಯೂನಿಕೋಡ್ ಸಂಕೇತಕ್ಕೂ ಮೂರು ಬೈಟ್. ಪೈಥಾನ್ 3 ಅದನ್ನೇ 5 ಅನ್ನುತ್ತದೆ: ಕ, ನ, ಒತ್ತಕ್ಷರ ಮಾಡುವ ವಿರಾಮ (್), ಇನ್ನೊಂದು ನ, ಡ. ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ, ಅದು ಬೇರೆ ಕತೆ. ಮೇಲೆ ಹೇಳಿದ ಸಿಯ 20 ಬೈಟ್ ಅರೇಯಲ್ಲಿ ಇಂಥ ಎಷ್ಟು ಸಂಕೇತ ಹಿಡಿಸುತ್ತವೆ ಎಂದು ನೀವೇ ಲೆಕ್ಕ ಹಾಕಿ ನೋಡಿ.

ಹೆಸರು ನೋಡಿ ಮೋಸ ಹೋಗುವುದೂ ಉಂಟು. ಪರ್ಲ್ 6 ಎಂದು 2000ದಲ್ಲಿ ಘೋಷಣೆಯಾದ ಭಾಷೆ ಹೊರಬರುವ ಹೊತ್ತಿಗೆ 2015 ಆಗಿತ್ತು. ಪರ್ಲ್ 5ಕ್ಕಿಂತ ಅದು ಎಷ್ಟು ಬೇರೆಯಾಗಿತ್ತೆಂದರೆ 2019ರಲ್ಲಿ ಹೆಸರನ್ನೇ ರಾಕು ಎಂದು ಬದಲಿಸಿದರು. ಪರ್ಲ್ 5 ತನ್ನ ಪಾಡಿಗೆ ತಾನು ಮುಂದುವರಿಯಿತು. ಅಲ್ಲಿ ವಾರಸುದಾರನೇ ಇರಲಿಲ್ಲ.

ಫೋರ್ಟ್ರಾನ್‌ದು ಮತ್ತೊಂದು ಬಗೆ. ಅಲ್ಲಿ ಹಳೆಯದು ಹೊಸದರ ಕೆಳಗಿಲ್ಲ, ಒಳಗೇ ಕೂತಿದೆ. ಫೋರ್ಟ್ರಾನ್ 77ರಲ್ಲಿ ಕೋಡನ್ನು 7ನೇ ಅಂಕಣದಿಂದ 72ರವರೆಗೆ ಮಾತ್ರ ಬರೆಯಬೇಕಿತ್ತು, ಪಂಚ್ ಕಾರ್ಡ್ ಕಾಲದ ಕಟ್ಟುಪಾಡು ಅದು. ಫೋರ್ಟ್ರಾನ್ 90 ಅದರಿಂದ ಬಿಡುಗಡೆ ಕೊಟ್ಟಿತು. ಆದರೆ ಐಯಿಂದ ಎನ್‌ವರೆಗಿನ ಅಕ್ಷರದಿಂದ ಶುರುವಾಗುವ ಹೆಸರೆಲ್ಲ ಪೂರ್ಣಾಂಕ, ಉಳಿದವು ದಶಮಾಂಶ ಎಂಬ ಹಳೇ ನಿಯಮ ಹಾಗೇ ಉಳಿಯಿತು. "ಇಂಪ್ಲಿಸಿಟ್ ನನ್" ಎಂದು ಬರೆದು ಅದನ್ನು ನಿಲ್ಲಿಸದಿದ್ದರೆ, ವೇರಿಯಬಲ್ ಹೆಸರಲ್ಲಿ ಒಂದು ಅಕ್ಷರ ತಪ್ಪಿದರೂ ಎರರ್ ಬರುವುದಿಲ್ಲ. ಸದ್ದಿಲ್ಲದೆ ಹೊಸ ವೇರಿಯಬಲ್ ಒಂದು ಹುಟ್ಟಿಕೊಳ್ಳುತ್ತದೆ. ಇಂಥಲ್ಲಿ ಹೊಸ ಶೈಲಿಯಲ್ಲೇ ಕಲಿಯಿರಿ, ಹಳೆಯ ಈ ನಾಲ್ಕಾರು ನಿಯಮಗಳನ್ನು ಮಾತ್ರ ತಿಳಿದಿರಿ.

ಮತ್ತೆ ಸಿ++ಗೆ ಬರೋಣ, ಯಾಕೆಂದರೆ ನನ್ನ ಪ್ರಶ್ನೆಯನ್ನು ಅದಕ್ಕೆ ಇನ್ನೂ ಕೇಳಿಲ್ಲ. ಸಿ++ ಪ್ರೋಗ್ರಾಂ ಕೈಕೊಟ್ಟಾಗ ಎದುರಿಗೆ ಬರುವುದು ಸಿ ಅಲ್ಲ. ಕಂಪೈಲರ್ ಎರರ್‌ಗಳಲ್ಲಿ ಕಾಣುವುದು ಬಹುತೇಕ ಸಿ++ನ ಟೆಂಪ್ಲೇಟ್‌ಗಳೇ (ಹಲವು ಟೈಪ್‌ಗಳಿಗೆ ಒಂದೇ ಸಲ ಬರೆಯುವ ಅಚ್ಚುಗಳು). ಓಡುವಾಗ ಕ್ರ್ಯಾಶ್ ಆದರೆ ಎದುರಾಗುವುದು ಮೆಮೊರಿ. ಯಾವ ವಿಳಾಸದಲ್ಲಿ ಏನಿತ್ತು, ಯಾರು ಬಿಡುಗಡೆ ಮಾಡಿದರು, ಯಾರು ಆಮೇಲೂ ಹಿಡಿದುಕೊಂಡಿದ್ದರು ಎಂಬ ಲೆಕ್ಕ. ಒಂದು ವೆಕ್ಟರ್‌ನ ಮೊದಲ ಅಂಶದ ವಿಳಾಸವನ್ನು ಪಾಯಿಂಟರ್‌ನಲ್ಲಿ ಇಟ್ಟುಕೊಳ್ಳುತ್ತೀರಿ. ವೆಕ್ಟರ್‌ಗೆ ಇನ್ನಷ್ಟು ಸೇರಿಸುತ್ತೀರಿ. ಜಾಗ ತುಂಬಿದಾಗ ಅದು ದೊಡ್ಡ ಜಾಗ ಹುಡುಕಿ ಎಲ್ಲವನ್ನೂ ಅಲ್ಲಿಗೆ ಸಾಗಿಸುತ್ತದೆ, ಹಳೆಯದನ್ನು ಬಿಟ್ಟುಕೊಡುತ್ತದೆ. ನಿಮ್ಮ ಪಾಯಿಂಟರ್ ಮಾತ್ರ ಹಳೇ ವಿಳಾಸವನ್ನೇ ಹಿಡಿದು ಕೂತಿರುತ್ತದೆ.

ಇದು ಅರ್ಥವಾಗಲು ಇಡೀ ಸಿ ಕೋರ್ಸ್ ಬೇಕಿಲ್ಲ. ಸಿ++ನಲ್ಲಿ ಒಂದೆರಡು ಪ್ರೋಗ್ರಾಂ ಕಟ್ಟಿ ಕೈ ಪಳಗಿದ ಮೇಲೆ, ಒಂದು ವಾರಾಂತ್ಯ ಬಿಡುವು ಮಾಡಿಕೊಂಡು ಸಿಯಲ್ಲಿ ನಿಮ್ಮದೇ ವೆಕ್ಟರ್ ಬರೆಯಿರಿ. ಮೂರೇ ಅಂಗ: ಜಾಗದ ಪಾಯಿಂಟರ್, ಈಗ ಎಷ್ಟಿವೆ, ಎಷ್ಟು ಹಿಡಿಸುತ್ತವೆ. ತುಂಬಿದಾಗ ಅಳತೆ ಇಮ್ಮಡಿ ಮಾಡಿ, ಜಾಗ ಹಿಗ್ಗಿಸಿಕೊಡುವ ರಿಯಲಾಕ್ ಕರೆಯಬೇಕು. ಅದು ವಾಪಸ್ ಕೊಟ್ಟ ವಿಳಾಸವನ್ನು ಮೊದಲಿನದರ ಜೊತೆ ಹೋಲಿಸಿ, ಎರಡನ್ನೂ ಪರದೆ ಮೇಲೆ ಪ್ರಿಂಟ್ ಮಾಡಿ. ಕೆಲವು ಸಲ ಒಂದೇ ಇರುತ್ತದೆ, ಕೆಲವು ಸಲ ಬದಲಾಗಿರುತ್ತದೆ. ಬದಲಾದ ಮೇಲೂ ಹಳೇ ವಿಳಾಸದಿಂದ ಬೇಕೆಂದೇ ಓದಿ ನೋಡಿ. ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್ ಇದ್ದರೆ ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಸರ್ ಆನ್ ಮಾಡಿ, ಡೀಬಗ್ ಮಾಹಿತಿಯನ್ನೂ ಸೇರಿಸಿ ಕಂಪೈಲ್ ಮಾಡಿ. ಯಾವ ಸಾಲಿನಲ್ಲಿ ಓದಿದಿರಿ, ಆ ಜಾಗ ಯಾವ ಸಾಲಿನಲ್ಲಿ ಬಿಡುಗಡೆಯಾಗಿತ್ತು ಎಂದು ಎರಡನ್ನೂ ಅದು ತೋರಿಸುತ್ತದೆ.